ಪ್ಲೇಟಿನ ದನಿ, ಸಿ.ಡಿ.ಯ ದನಿ

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಅಮೀರ್‌ಬಾಯಿ ಕರ್ನಾಟಕಿ, ಪಿ. ಕಾಳಿಂಗರಾವ್ ಇವರೆಲ್ಲ ಕನ್ನಡಿಗರ ಮನೆ ಹೊಕ್ಕಿದ್ದು ಗ್ರಾಮಫೋನ್ ತಟ್ಟೆಯ ಮೂಲಕ. ಜನರ ಬಾಯಲ್ಲಿ ಅದು ಬರೀ ‘ಪ್ಲೇಟು’. ಅದೇ ಹಾಡುಗಳು ಆಮೇಲೆ ಕ್ಯಾಸೆಟ್ಟಿಗೆ ಬಂದವು, ಸಿ.ಡಿ.ಗೆ ಬಂದವು, ಸಿ.ಡಿ.ಯಿಂದ ಇಳಿದು ಮೊಬೈಲಿಗೂ ಬಂದವು. ಹಳೆಯ ತಟ್ಟೆಯನ್ನೂ ಅದರ ‘ರೀಮಾಸ್ಟರ್’ ಆದ ಸಿ.ಡಿ.ಯನ್ನೂ ಒಂದರ ಹಿಂದೊಂದು ಹಾಕಿ ಕೇಳಿದವರು ದನಿ ಒಂದೇ ಅಲ್ಲ ಎನ್ನುತ್ತಾರೆ. ಅದು ನಿಜವೇ. ಆದರೆ ಈ ವ್ಯತ್ಯಾಸಕ್ಕೆ ತಟ್ಟೆ ಮತ್ತು ಸಿ.ಡಿ.ಗಳ ಹುಟ್ಟುಗುಣ ಕಾರಣವಾಗುವುದು ಸ್ವಲ್ಪ ಮಟ್ಟಿಗೆ ಮಾತ್ರ. ಸಿ.ಡಿ.ಯನ್ನು ಯಾವ ಮೂಲದಿಂದ ಇಳಿಸಿದರು, ಇಳಿಸಿದವರ ಕಿವಿ ಎಂಥದು ಎಂಬುದೇ ಹೆಚ್ಚಿನ ಕಾರಣ.

ಭಾರತದಲ್ಲಿ ಈ ಉದ್ಯಮ ಕಾಲಿಟ್ಟಿದ್ದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಇವರೇ. ಆಗಿನ ಮುದ್ರಣಕ್ಕೆ ಮೈಕು ಇರಲಿಲ್ಲ. ಗಾಯಕರು ದೊಡ್ಡದೊಂದು ಕಹಳೆಯೊಳಗೆ ಬಾಯಿಟ್ಟು ಹಾಡಬೇಕು. ಆ ದನಿಯ ಒತ್ತಡವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. 1925ರ ನಂತರ ಮೈಕು ಮತ್ತು ವಿದ್ಯುತ್ ಮುದ್ರಣ ಬಂದವು. ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ, 1928ರಲ್ಲಿ ಡಂಡಂನಲ್ಲಿ ಕಾರ್ಖಾನೆ ತೆರೆಯಿತು. ಕನ್ನಡದ ನಾಯಿಮುದ್ರೆಯ (ಎಚ್.ಎಂ.ವಿ.) ತಟ್ಟೆಗಳು ದಶಕಗಳ ಕಾಲ ಬಂದಿದ್ದು ಅಲ್ಲಿಂದಲೇ. ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ 2000ದಲ್ಲಿ ಸರಿಗಮ ಎಂಬ ಹೆಸರು ತಾಳಿತು.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ. ಕೈಜಾರಿದರೆ ಚೂರು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ರಾಗ, ಬಂದಿಶ್, ತಾನ್ ಎಲ್ಲ ಮುಗಿಯಬೇಕು. ಇಷ್ಟೆಲ್ಲ ಕಟ್ಟುಪಾಡಿದ್ದರೂ ಈ ತಟ್ಟೆಗೆ ಒಂದು ದೊಡ್ಡ ಅನುಕೂಲವಿತ್ತು: ಕರೆಂಟು ಬೇಡ. ಕೀಲಿ ಕೊಟ್ಟರೆ ಸ್ಪ್ರಿಂಗ್ ತಿರುಗಿಸುತ್ತದೆ. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಸೀಮೆಯ ಬಾಗಲವಾಡದಂಥ ಊರಿಗೆ ವಿದ್ಯುತ್ ಬರುವ ಮೊದಲು ಹಾಡುವ ಪೆಟ್ಟಿಗೆ ಬರಲು ಸಾಧ್ಯವಿದ್ದದ್ದು ಇದರಿಂದಲೇ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ ಈ ನೆಲಕ್ಕೆ ದಾಸರ ಪದ ಹೊಸತಲ್ಲ. ವಚನ ಗಾಯನವೂ ಹೊಸತಲ್ಲ. ವಚನ ಹಾಡಿ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರೇ ಇವತ್ತು ರಾಯಚೂರಿನ ರಂಗಮಂದಿರಕ್ಕಿದೆ. ಭಜನೆಯಲ್ಲಿ ಕೇಳಿದ ಪದವನ್ನು ಭೀಮಸೇನ ಜೋಶಿಯವರ ‘ದಾಸವಾಣಿ’ಯಲ್ಲಿ, ಮಠದಲ್ಲಿ ಕೇಳಿದ ವಚನವನ್ನು ಮನ್ಸೂರರ ಕಂಠದಲ್ಲಿ ಮತ್ತೆ ಕೇಳುವ ಭಾಗ್ಯ ಮಾತ್ರ ಪ್ಲೇಟಿನಿಂದ ಬಂದದ್ದು.

ಭೀಮಸೇನರ ಕಥೆಯಲ್ಲೇ ಒಂದು ತಟ್ಟೆಯಿದೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡು ಕೇಳಿ ಗದಗಿನ ಹುಡುಗನಿಗೆ ಹುಚ್ಚು ಹಿಡಿಯಿತು. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ. ಆ ಠುಮರಿ ಆಮೇಲೆ ಎಲ್.ಪಿ.ಗೂ ಏರಿತು, ಸಿ.ಡಿ.ಗೂ ಏರಿತು. ಒಬ್ಬ ಹುಡುಗನ ಬಾಳನ್ನು ತಿರುಗಿಸಿದ ದನಿ ಅರಗಿನ ತಟ್ಟೆಯದು, ಕರಕರ ಸದ್ದಿನದು ಎಂಬುದನ್ನು ಶುದ್ಧ ದನಿಯ ಭಕ್ತರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್.ಪಿ.ಯನ್ನು ತಂದಿತು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹನ್ನೆರಡು ಇಂಚಿನ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು. ಮರುವರ್ಷ 45 ಸುತ್ತಿನ ಏಳು ಇಂಚಿನ ತಟ್ಟೆ ಬಂತು. ನಾಲ್ಕು ಹಾಡು ಹಿಡಿಯುವ ಅದರ ಇ.ಪಿ. ರೂಪವೇ ಮುಂದೆ ಕನ್ನಡ ಸಿನಿಮಾ ಹಾಡುಗಳ ಜನಪ್ರಿಯ ವಾಹನವಾಯಿತು. ಮದುವೆ, ಜಾತ್ರೆಗಳಲ್ಲಿ ಧ್ವನಿವರ್ಧಕದವರು ಹಾಕುತ್ತಿದ್ದುದು ಹೆಚ್ಚಾಗಿ ಇದನ್ನೇ. ಹಿಂದುಸ್ತಾನಿ ಗಾಯಕರಿಗೆ ಎಲ್.ಪಿ. ವರವಾಯಿತು. ಮೂರು ನಿಮಿಷದಲ್ಲಿ ರಾಗ ಮುಗಿಸುತ್ತಿದ್ದ ಮನ್ಸೂರರು ಒಂದು ಬದಿಯಿಡೀ ಒಂದೇ ರಾಗ ಹಾಡುವಂತಾಯಿತು.

ಎಲ್.ಪಿ.ಯ ದನಿ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅದರ ಸೊಗಸು, ದೋಷ ಎರಡೂ ಅರ್ಥವಾಗುತ್ತವೆ. ತಟ್ಟೆಯ ಗೆರೆ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಒಂದು ಕಾಲುವೆ. ಅದರ ಗೋಡೆಗಳ ಅಂಕುಡೊಂಕೇ ಹಾಡು. ತಗ್ಗು ಸ್ವರಕ್ಕೆ ದೊಡ್ಡ ಡೊಂಕು ಬೇಕು. ಅದನ್ನು ಇದ್ದ ಹಾಗೇ ಕೊರೆದರೆ ಪಕ್ಕದ ಗೆರೆಗೆ ಢಿಕ್ಕಿ. ಆದ್ದರಿಂದ ಕೊರೆಯುವಾಗ ತಗ್ಗು ಸ್ವರವನ್ನು ಕುಗ್ಗಿಸಿ, ಮೇಲಿನ ಸ್ವರವನ್ನು ಹಿಗ್ಗಿಸುತ್ತಾರೆ. ನುಡಿಸುವ ಯಂತ್ರದ ಆಂಪ್ಲಿಫೈಯರ್ ಅದನ್ನು ತಿರುವುಮುರುವು ಮಾಡಿ ಸರಿಗೆ ತರುತ್ತದೆ. ಈ ಲೆಕ್ಕ 1954ರ ಸುಮಾರಿಗೆ ಜಗತ್ತಿಗೆಲ್ಲ ಒಂದೇ ಆಯಿತು. ಅದಕ್ಕೆ ಮೊದಲು ಕಂಪನಿಗೊಂದು ಲೆಕ್ಕವಿತ್ತು. ಇಂದು ಮನೆಯಲ್ಲಿ 78ರ ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರು ಹೊಸ ಲೆಕ್ಕದ ಆಂಪ್ಲಿಫೈಯರಿಗೇ ಜೋಡಿಸಿ, ದನಿ ಮಂಕಾಗಿದೆ ಎಂದು ತಟ್ಟೆಯನ್ನು ಬೈಯುವುದುಂಟು. ಮುಳ್ಳಿನದೂ ಅದೇ ಪಾಡು. 78ರ ಗೆರೆ ಎಲ್.ಪಿ.ಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ, ಎಲ್.ಪಿ.ಯ ಸಣ್ಣ ಮುಳ್ಳು ಅದರಲ್ಲಿ ತಳಕ್ಕಿಳಿದು ಕಸ ಕೆದಕುತ್ತದೆಯೇ ಹೊರತು ಹಾಡನ್ನಲ್ಲ.

ಇನ್ನೊಂದು ಮಿತಿ ಲೆಕ್ಕಕ್ಕೆ ಸಿಗುವಂಥದು. ಎಲ್.ಪಿ. ತಿರುಗುವ ವೇಗ ಒಂದೇ ಆದರೂ ಅಂಚಿನ ಸುತ್ತು ದೊಡ್ಡದು, ನಡುವಿನದು ಚಿಕ್ಕದು. ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದುಹೋದರೆ, ಲೇಬಲ್ಲಿನ ಹತ್ತಿರ 21 ಸೆಂಟಿಮೀಟರ್ ಮಾತ್ರ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತಾಯಿತು. ಖಯಾಲಿನಲ್ಲಿ ವಿಲಂಬಿತ ಮೊದಲು, ದ್ರುತ ಕೊನೆಗೆ; ಎಂದರೆ ತಾನ್‌ಗಳು ಮಳೆಗರೆಯುವ ಹೊತ್ತಿಗೆ ಸರಿಯಾಗಿ ತಟ್ಟೆ ತನ್ನ ದುರ್ಬಲ ಜಾಗಕ್ಕೆ ಬಂದಿರುತ್ತದೆ. ಅಲ್ಲಿ ‘ಸ’ಕಾರಗಳು ಸೀಳುವುದಕ್ಕೂ ತಾರಷಡ್ಜ ಒರಟಾಗುವುದಕ್ಕೂ ಗಾಯಕರು ಹೊಣೆಯಲ್ಲ. ಸಿ.ಡಿ.ಯಲ್ಲಿ ಈ ತೊಂದರೆ ಇಲ್ಲವೇ ಇಲ್ಲ. ಮೊದಲ ನಿಮಿಷ ಹೇಗೋ ಕೊನೆಯ ನಿಮಿಷವೂ ಹಾಗೆಯೇ.

ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಜಂಟಿ ಕೂಸು. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಕೂರಿಸಿ, ಸಂಖ್ಯೆಯಾಗಿ ಬರೆದಿಡುವ ವಿಧಾನ. ಮನುಷ್ಯನ ಕಿವಿ ಹಿಡಿಯುವ ಎಲ್ಲ ಸ್ವರವೂ ಇದರಲ್ಲಿ ಹಿಡಿಸುತ್ತದೆ. ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಅಂತರ ಒಳ್ಳೆಯ ಎಲ್.ಪಿ.ಯಲ್ಲಿ 60ರಿಂದ 70 ಡೆಸಿಬಲ್ ಇದ್ದರೆ ಸಿ.ಡಿ.ಯಲ್ಲಿ 96. ಸಂಖ್ಯೆಗಳ ನಡುವೆ ಸಂಗೀತ ಸೋರಿಹೋಗುತ್ತದೆ ಎಂಬ ಮಾತು ಕೇಳಲು ಚೆಂದ. ಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಯಂತ್ರದ ಬಲಾಬಲವಷ್ಟೇ ಮುಖ್ಯವಾಗಿದ್ದರೆ ಸಿ.ಡಿ. ಗೆದ್ದು ಬಹಳ ಕಾಲವಾಯಿತು.

ಹಾಗಿದ್ದೂ ಎಷ್ಟೋ ಸಿ.ಡಿ.ಗಳು ತಟ್ಟೆಯ ಮುಂದೆ ಸಪ್ಪೆ ಎನಿಸುತ್ತವೆ. ಇದರ ಗುಟ್ಟು ಹಳೆಯ ಮುದ್ರಣವನ್ನು ಹೊಸ ರೂಪಕ್ಕೆ ಹದಗೊಳಿಸುವ ರೀಮಾಸ್ಟರಿಂಗ್ ಎಂಬ ಕೆಲಸದಲ್ಲಿದೆ. ಎಲ್.ಪಿ. ಕಾಲದ ಹಾಡಾದರೆ ಸ್ಟುಡಿಯೋದ ಮೂಲ ಟೇಪು ಎಲ್ಲೋ ಇರಬೇಕು. ಅದು ಸಿಕ್ಕಿ, ಕೆಟ್ಟಿರದೆ, ಒಳ್ಳೆಯ ಯಂತ್ರದಲ್ಲಿ ಓಡಿದರೆ ಸಿ.ಡಿ.ಯ ದನಿ ಎಲ್.ಪಿ.ಯನ್ನು ಮೀರುವುದು ಸಹಜ, ಯಾಕೆಂದರೆ ಎಲ್.ಪಿ. ಕೂಡ ಆ ಟೇಪಿನ ನಕಲೇ. ಟೇಪು ಸಿಗದಿದ್ದರೆ ನಕಲಿನ ನಕಲು, ಕ್ಯಾಸೆಟ್ಟಿಗೆಂದು ಮಾಡಿಟ್ಟದ್ದು, ಸಿನಿಮಾದ ಸೌಂಡ್‌ಟ್ರ್ಯಾಕು, ಕೊನೆಗೆ ಯಾರದೋ ಮನೆಯ ಸವೆದ ತಟ್ಟೆ ಇವೇ ಗತಿ. ಇಷ್ಟರಲ್ಲಿ ಯಾವುದರಿಂದ ಇಳಿಸಿದ್ದಾರೆ ಎಂಬುದು ನಮ್ಮ ಸಿ.ಡಿ.ಗಳ ಹೊದಿಕೆಯ ಮೇಲೆ ಇರುವುದು ಬಲು ಅಪರೂಪ. ಟೇಪು ಬರುವ ಮೊದಲಿನ 78ರ ಹಾಡುಗಳಿಗಂತೂ ಮೂಲ ಟೇಪು ಎಂಬುದೇ ಇಲ್ಲ. ಹೆಚ್ಚಿನ ಪಾಲಿಗೆ ಅರಗಿನ ತಟ್ಟೆಯೇ ಮೂಲ, ತಟ್ಟೆಯೇ ಕೊನೆ. ಉಕ್ಕಿನ ಮುಳ್ಳನ್ನು ಬದಿಗೊಮ್ಮೆ ಬದಲಿಸಬೇಕೆಂಬುದು ಆಗಿನ ನಿಯಮ; ಡಬ್ಬಿ ಮುಗಿದು ಒಂದೇ ಮುಳ್ಳಿನಲ್ಲಿ ಹತ್ತಾರು ಸಲ ಹಾಡಿಸಿದ ಮನೆಗಳ ತಟ್ಟೆಗಳಲ್ಲಿ ಗೆರೆಯ ಗೋಡೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಹಾಗೆ ಸವೆದುಹೋದ ದನಿಯನ್ನು ಯಾವ ಕಂಪ್ಯೂಟರೂ ಮರಳಿ ತರಲಾರದು. ಆದ್ದರಿಂದಲೇ ಬಲ್ಲವರು ಒಂದೇ ಹಾಡಿನ ಮೂರು ನಾಲ್ಕು ಪ್ರತಿ ಹುಡುಕಿ, ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತಾರೆ.

ಮರುಮುದ್ರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ವೇಗದಲ್ಲಿ. ‘78’ ಎಂದು ಕರೆದರೂ ಹಳೆಯ ತಟ್ಟೆಗಳೆಲ್ಲ 78ರಲ್ಲೇ ಕೊರೆದವಲ್ಲ. 70ರ ಚಿಲ್ಲರೆಯಿಂದ 80ರ ಆಚೆಗೂ ಇದ್ದವು. 74ರಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ; ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಮೂರು ನಿಮಿಷದ ಹಾಡು ಒಂಬತ್ತು ಸೆಕೆಂಡು ಬೇಗ ಮುಗಿಯುತ್ತದೆ. ಸ್ವರಸ್ವರಗಳ ನಡುವಿನ ಅಂತರ ಮಾತ್ರ ಹಾಗೇ ಉಳಿಯುವುದರಿಂದ ರಾಗ ಕೆಡುವುದಿಲ್ಲ. ಕೆಡುವುದು ಕಂಠ: ಗಂಡಸಿನ ಎದೆದನಿ ಮೂಗಿಗೇರುತ್ತದೆ, ತಾನ್‌ಗಳು ಇದ್ದದ್ದಕ್ಕಿಂತ ಚುರುಕಾಗಿ ತೋರುತ್ತವೆ. ಹಳೆಯ ಗಾಯಕರೆಲ್ಲ ಕೀರಲು ದನಿಯವರು ಎಂಬ ಜನರ ನಂಬಿಕೆಯಲ್ಲಿ ಒಂದು ಪಾಲು ಈ ತಪ್ಪು ವೇಗದ ಕೊಡುಗೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಆಗಬಹುದು. ಅದಕ್ಕೆ ಗಂಗೂಬಾಯಿ ಹಾನಗಲ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಡ. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಗೆ ಹಾಡಿದ ಗಂಗೂಬಾಯಿಯವರ ಕಂಠ ತೆಳು, ಎತ್ತರದ್ದು. ಗಂಟಲ ತೊಂದರೆಯ ನಂತರ ಅದು ಇಳಿದು, ಎಲ್.ಪಿ. ಕಾಲಕ್ಕೆ ಎಲ್ಲರೂ ಬಲ್ಲ ಆ ಗಡಸು, ಗಂಭೀರ ದನಿಯಾಯಿತು. ಎಲ್.ಪಿ. ಕೇಳಿ ಬೆಳೆದ ಎಂಜಿನಿಯರ್ ಹಳೆಯ ತಟ್ಟೆ ಓಡಿಸಿ, ವೇಗ ಹೆಚ್ಚಾಗಿದೆಯೆಂದು ಭಾವಿಸಿ ತಗ್ಗಿಸಿದರೆ ಇತಿಹಾಸವನ್ನೇ ತಿದ್ದಿದಂತೆ. ವೇಗ ಗೊತ್ತುಮಾಡಲು ಗಾಯಕರ ಶ್ರುತಿ, ಹಾರ್ಮೋನಿಯಂನ ಮನೆ, ಮುದ್ರಣದ ವರ್ಷ ಎಲ್ಲ ತಿಳಿದಿರಬೇಕು. ಸಂಗೀತ ಗೊತ್ತಿಲ್ಲದವರಿಗೆ ಇದು ದಕ್ಕುವ ಕೆಲಸವಲ್ಲ. ಟೇಪಿನ ಕಾಲದಲ್ಲೂ ಈ ಪೀಡೆ ತಪ್ಪಲಿಲ್ಲ. ಜಾಝ್ ಸಂಗೀತದ ಅತಿ ಪ್ರಸಿದ್ಧ ಎಲ್.ಪಿ., 1959ರ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ತಟ್ಟೆಯ ಮೊದಲ ಬದಿ, ಟೇಪ್ ಯಂತ್ರದ ದೋಷದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಶ್ರುತಿ ತುಸು ಏರಿಸಿಕೊಂಡೇ ಹಾಡುತ್ತಿತ್ತು. ಅದು ಸರಿಯಾದದ್ದು 1990ರ ದಶಕದ ಮರುಮುದ್ರಣದಲ್ಲಿ. ಮೂಲ ತಟ್ಟೆಯೆಂದ ಮಾತ್ರಕ್ಕೆ ಅದೇ ಪ್ರಮಾಣವಲ್ಲ ಎನ್ನುವುದಕ್ಕೆ ಇದು ಸಾಕ್ಷಿ.

ಎರಡನೆಯ ಕೊಡಲಿಪೆಟ್ಟು ಸದ್ದು ತೆಗೆಯುವ ಕೆಲಸದ್ದು. ಗೀರಿನ ‘ಟಕ್’ ಸದ್ದನ್ನು ತೆಗೆಯುವುದು ಸುಲಭ; ಅದು ಕ್ಷಣಮಾತ್ರದ್ದು, ಎಲ್ಲಿದೆಯೆಂದು ಕಾಣುತ್ತದೆ. ಕಷ್ಟವಿರುವುದು ಹಾಡಿನುದ್ದಕ್ಕೂ ಹರಿಯುವ ‘ಸ್ಸ್’ ಎಂಬ ಸದ್ದಿನಲ್ಲಿ. ಕಂಪ್ಯೂಟರು ಹಾಡಿಲ್ಲದ ಜಾಗದ ಸದ್ದನ್ನು ಮಾದರಿಯಾಗಿ ಹಿಡಿದು, ಅಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕಳೆಯುತ್ತ ಹೋಗುತ್ತದೆ. ತಂಬೂರಿಯೂ ಹಾಡಿನುದ್ದಕ್ಕೂ ಒಂದೇ ಸಮನೆ ಹರಿಯುವಂಥದೇ. ಜೀವಾಳದ ದಾರದಿಂದ ಏಳುವ ಅದರ ಝೇಂಕಾರದ ಸೂಕ್ಷ್ಮ ಅಂಶಗಳು ಇರುವುದೂ ಆ ಮೇಲಿನ ಎತ್ತರದಲ್ಲೇ. ಯಂತ್ರಕ್ಕೆ ಕಸ ಯಾವುದು, ತಂಬೂರಿ ಯಾವುದು ಎಂಬ ಭೇದ ತಿಳಿಯದು. ಅತಿಯಾಗಿ ತೊಳೆದ ಸಿ.ಡಿ.ಯಲ್ಲಿ ತಂಬೂರಿ ನೀರಿನೊಳಗಿಂದ ಕೇಳಿದಂತೆ ಗುಳುಗುಳು ಎನ್ನುತ್ತದೆ. ತಬಲದ ಕಿನಾರಿಯ ‘ತಾ’ ಮೊಂಡಾಗುತ್ತದೆ. ಗಾಯಕರು ಉಸಿರೆಳೆದುಕೊಳ್ಳುವ ಸದ್ದು ಮಾಯ. ಹಾಡು ನಿಂತ ಕಡೆ ಕಿವಿ ತುಂಬುವ ಅಸಹಜ ಮೌನ. ತಟ್ಟೆಯಲ್ಲಿ ಕರಕರ ಇದ್ದರೂ ಅದರ ಹಿಂದೆ ಕೋಣೆಯಿದೆ, ತಂಬೂರಿಯಿದೆ, ಕೂತು ಹಾಡುವ ಮನುಷ್ಯನಿದ್ದಾನೆ. ಕಿವಿ ಎರಡು ನಿಮಿಷದಲ್ಲಿ ಕರಕರವನ್ನು ಮರೆಯುತ್ತದೆ. ಹೋದ ತಂಬೂರಿಯನ್ನು ಅದು ಕಟ್ಟಿಕೊಳ್ಳಲಾರದು.

ಮೂರನೆಯದು ಗಟ್ಟಿತನದ ಪೈಪೋಟಿ. 1990ರ ದಶಕದಿಂದೀಚೆಗೆ ಜಗತ್ತಿನಾದ್ಯಂತ ಸಿ.ಡಿ.ಗಳ ಮೆಲುದನಿಯನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಗಟ್ಟಿಮಾಡುವ ಚಾಳಿ ಬೆಳೆಯಿತು. 96 ಡೆಸಿಬಲ್ಲಿನ ಅಂಗಳವಿದ್ದೂ ಅದರ ಒಂದು ಮೂಲೆಯಲ್ಲೇ ಕುಣಿಯುವ ಪದ್ಧತಿ. ಮಂದ್ರದಲ್ಲಿ ಪಿಸುಮಾತಿನಂತೆ ಆರಂಭವಾಗಿ ತಾರಕ್ಕೇರುವ ಆಲಾಪಕ್ಕೆ ಇದರಷ್ಟು ದ್ರೋಹ ಬೇರಿಲ್ಲ. ಎಲ್.ಪಿ.ಯಲ್ಲಿ ಹೀಗೆ ಮಾಡಲು ಹೋದರೆ ಮುಳ್ಳೇ ಗೆರೆಯಿಂದ ಹಾರುತ್ತದೆ. ಯಂತ್ರದ ಆ ದೌರ್ಬಲ್ಯವೇ ಹಳೆಯ ತಟ್ಟೆಗಳನ್ನು ಕಾಪಾಡಿತು.

ಸಿನಿಮಾ ಹಾಡಿನ ಕಥೆ ತುಸು ಬೇರೆ. 1960–70ರ ದಶಕದ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ಒಂದೇ ವಾಹಿನಿಯ ಮೋನೋದಲ್ಲಿ ಮುದ್ರಣವಾದವು. ಭೀಮಸೇನರೂ ಬಾಲಮುರಳಿಕೃಷ್ಣರೂ ಹಾಡಿದ 1966ರ ‘ಸಂಧ್ಯಾರಾಗ’, ಜಿ.ಕೆ. ವೆಂಕಟೇಶ್ ಸಂಗೀತದ 1972ರ ‘ಬಂಗಾರದ ಮನುಷ್ಯ’, ರಾಜನ್–ನಾಗೇಂದ್ರರ 1974ರ ‘ಎರಡು ಕನಸು’ ಇವೆಲ್ಲ ಆ ಕಾಲದ ಬೆಳೆ. ಅಂಥ ಹಾಡಿನ ಮರುಮುದ್ರಣದ ಮೇಲೆ ‘ಸ್ಟೀರಿಯೋ’ ಎಂದು ಕಂಡರೆ ಅನುಮಾನಿಸಬೇಕು. ತಗ್ಗು ಸ್ವರವನ್ನು ಒಂದು ಕಡೆ, ಮೇಲಿನದನ್ನು ಇನ್ನೊಂದು ಕಡೆ ಸರಿಸಿ, ಅಷ್ಟು ಪ್ರತಿಧ್ವನಿ ಸುರಿದು ಮಾಡಿದ ಕೃತಕ ಸ್ಟೀರಿಯೋದಲ್ಲಿ ಗಾಯಕರ ದನಿ ಬಾವಿಯಿಂದ ಬಂದಂತಿರುತ್ತದೆ. ಹಿಂದಿಯಲ್ಲಿ ಹಳೆಯ ಹಾಡಿಗೆ ಹೊಸ ಡೋಲು ಬಡಿದು ‘ಝಂಕಾರ್ ಬೀಟ್ಸ್’ ಎಂದು ಮಾರಿದ ಕಾಲವೂ ಇತ್ತು. ಇನ್ನು ನೂರು ಹಾಡಿನ ಎಂ.ಪಿ.3 ಸಿ.ಡಿ.ಗಳನ್ನು ಈ ಹೋಲಿಕೆಗೆ ತರುವುದೇ ಅನ್ಯಾಯ. ಜಾಗ ಉಳಿಸಲು ದನಿಯ ಬಹುಪಾಲು ವಿವರವನ್ನು ಅಲ್ಲಿ ಬಿಸಾಕಿರುತ್ತಾರೆ. ಹೊದಿಕೆಯ ಮೇಲೆ ಮೂಲ ಗಾಯಕರ ಹೆಸರಿಲ್ಲದಿದ್ದರೆ ಬೇರೆಯವರು ಹೊಸದಾಗಿ ಹಾಡಿದ್ದೂ ಆಗಿರಬಹುದು.

ಹೊದಿಕೆಯ ವಿಷಯ ಬಂತು. ಎಲ್.ಪಿ.ಯ ಒಂದಡಿ ಅಗಲದ ಹೊದಿಕೆಯ ಹಿಂದೆ ರಾಗದ ವಿವರ, ಗಾಯಕರ ಪರಿಚಯ, ತಬಲಾ ಮತ್ತು ಹಾರ್ಮೋನಿಯಂ ಸಾಥಿದಾರರ ಹೆಸರು ಇರುತ್ತಿತ್ತು. ಎರಡು ಎಲ್.ಪಿ.ಗಳನ್ನು ಒಂದೇ ಸಿ.ಡಿ.ಗೆ ತುಂಬಿದಾಗ ಮೊದಲು ಕೈಬಿಟ್ಟದ್ದು ಸಾಥಿದಾರರನ್ನು. ಎಚ್.ಎಂ.ವಿ. ಗುಂಪಿನ ತಟ್ಟೆಗಳ ಸಂಖ್ಯೆಯೂ ಮಾತಾಡುತ್ತದೆ: ಇ.ಸಿ.ಎಲ್.ಪಿ. ಎಂದರೆ ಮೋನೋ, ಇ.ಸಿ.ಎಸ್.ಡಿ. ಎಂದರೆ ಸ್ಟೀರಿಯೋ. ಸಿ.ಡಿ.ಯಲ್ಲಿರುವುದು ಯಾವ ತಟ್ಟೆಯ ಹಾಡು ಎಂದು ಪತ್ತೆ ಮಾಡಲು ಎಷ್ಟೋ ಸಲ ಈ ಸಂಖ್ಯೆಯೊಂದೇ ದಾರಿ.

ಎರಡನ್ನೂ ಹೋಲಿಸಿ ನೋಡುವ ಆಸೆಯಿರುವವರು ಮೊದಲು ಗಟ್ಟಿತನವನ್ನು ಸಮ ಮಾಡಿಕೊಳ್ಳಬೇಕು. ತುಸು ಗಟ್ಟಿಯಾದದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಆಮೇಲೆ ಗಾಯಕರನ್ನು ಬಿಟ್ಟು ತಂಬೂರಿಯನ್ನು ಕೇಳಬೇಕು, ಷಡ್ಜದ ಮೇಲೆ ನಿಂತ ಕಡೆ ದನಿ ತೂಗುತ್ತದೆಯೇ ಎಂದು ಗಮನಿಸಬೇಕು. ಎಲ್.ಪಿ.ಯ ನಡುವಿನ ತೂತು ಕೂದಲೆಳೆಯಷ್ಟು ಸರಿದಿದ್ದರೂ ಸುಮಾರು ಎರಡು ಸೆಕೆಂಡಿಗೊಮ್ಮೆ ಸ್ವರ ತೂಗುತ್ತದೆ. ಈ ದೋಷ ಸಿ.ಡಿ.ಯಲ್ಲೂ ಕೇಳಿಸಿದರೆ ಅದನ್ನು ತಟ್ಟೆಯಿಂದಲೇ ಇಳಿಸಿದ್ದಾರೆ ಎಂದು ಖಚಿತ.

ಬಾಳಿಕೆಯ ಮಾತಿಗೆ ಬಂದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಎರಡಕ್ಕೂ ಹಿತವಲ್ಲ. ತಗಡಿನ ಮಾಡಿನ ಕೆಳಗೆ ಒಂದರ ಮೇಲೊಂದು ಮಲಗಿಸಿಟ್ಟ ವಿನೈಲ್ ತಟ್ಟೆ ಸೊಟ್ಟಗಾಗುತ್ತದೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ಕಂಪ್ಯೂಟರಿನಲ್ಲಿ ಬರೆದುಕೊಂಡ ಸಿ.ಡಿ.ಯ ಬಣ್ಣದ ಪದರ ಬಿಸಿಲಿಗೆ ಮಾಸಿ, ಕೆಲವೇ ವರ್ಷಗಳಲ್ಲಿ ಓದಲು ಬಾರದೇ ಹೋಗಬಹುದು. ತೊಂಬತ್ತು ವರ್ಷದ ಅರಗಿನ ತಟ್ಟೆ, ಒಡೆಯದಿದ್ದರೆ, ಇಂದಿಗೂ ಹಾಡುತ್ತದೆ.

ಹಳೆಯ ತಟ್ಟೆಗಳನ್ನು ಇಳಿಸಿಡುವ ಮಾತು ಬಂದಾಗ ಹಕ್ಕಿನ ಪ್ರಶ್ನೆಯೂ ಏಳುತ್ತದೆ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930–40ರ ದಶಕದ ಕನ್ನಡ ತಟ್ಟೆಗಳ ಮುದ್ರಣದ ಹಕ್ಕು ಹೀಗೆ ಮುಗಿದಿದೆ. 1990ರಲ್ಲಿ ಮುಂಬಯಿಯಲ್ಲಿ ಶುರುವಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ, ಬೆಂಗಳೂರಿನ ವಿಕ್ರಂ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ತಟ್ಟೆಗಳನ್ನು ಉಳಿಸುವ ಕೆಲಸ ಮಾಡಿವೆ. ಒಳ್ಳೆಯ ಟೇಪಿನಿಂದ ಹದವಾಗಿ ಇಳಿಸಿದ ಸಿ.ಡಿ. ಸಿಕ್ಕರೆ ಕೇಳಲು ಅದೇ ಉತ್ತಮ. 78ರ ಹಾಡಾದರೆ ಕರಕರವನ್ನು ಉಳಿಸಿಕೊಂಡ, ಶ್ರುತಿ ಸರಿಯಿರುವ ಪ್ರತಿಯೇ ಉತ್ತಮ. ಯಾವುದೇ ಇರಲಿ, ಸಿ.ಡಿ. ಬಂತೆಂದು ಅಟ್ಟದ ಮೇಲಿನ ಪ್ಲೇಟುಗಳನ್ನು ಗುಜರಿಗೆ ಹಾಕಬಾರದು. ನಾಳೆ ಇನ್ನೂ ಚೆನ್ನಾಗಿ ಇಳಿಸುವವರು ಬಂದಾಗ ಬೇಕಾಗುವುದು ಅವೇ.